ಆಸ್ಪತ್ರೆ ನೋಡದೆ ಸಮುದ್ರಕ್ಕೆ

ನಮ್ಮ ಕಡೆಯವರಿಗೆ ಸಮುದ್ರ ಹತ್ತಿರವೂ ಅಲ್ಲ, ದೂರವೂ ಅಲ್ಲ. ಬಹಳ ದೂರ ಇದ್ದಿದ್ದರೆ ಬಯಲುಸೀಮೆಯವರ ಹಾಗೆ ನಾವೂ ಬಸ್ಸು ಮಾಡಿಕೊಂಡು, ಚಿತ್ರಾನ್ನ ಕಟ್ಟಿಕೊಂಡು ಹೋಗಿ, ಮೊದಲ ತೆರೆ ಕಂಡ ಕೂಡಲೇ ಕಿರುಚಿ, ಪ್ಯಾಂಟು ಒದ್ದೆ ಮಾಡಿಕೊಂಡು ಬರುತ್ತಿದ್ದೆವು. ತೀರ ಹತ್ತಿರ ಇದ್ದಿದ್ದರೆ ದಿನಾ ಸಂಜೆ ಅದರ ಎದುರು ಕುಳಿತು ಮನೆಯವರನ್ನು ಬೈಯುತ್ತಿದ್ದೆವು. ನಮಗೆ ಎರಡೂ ಇಲ್ಲ. ಕಲ್ಲುಗುಂಡಿಯಲ್ಲಿ ಬಸ್ಸು ಹತ್ತಿದರೆ ಸುಳ್ಯ, ಪುತ್ತೂರು ದಾಟಿ ಸುಮಾರು ಮೂರು ಗಂಟೆಯಲ್ಲಿ ಮಂಗಳೂರು. ಆದರೆ ಮಂಗಳೂರಿಗೆ ಹೋದ ನಮ್ಮ ಜನ ಸಮುದ್ರದವರೆಗೆ ಹೋಗುವುದಿಲ್ಲ. ಅದಕ್ಕಿಂತ ಎರಡು ಮೂರು ಮೈಲಿ ಮೊದಲೇ, ಯಾವುದಾದರೊಂದು ಆಸ್ಪತ್ರೆಯ ಗೇಟಿನಲ್ಲಿ ಇಳಿದುಬಿಡುತ್ತಾರೆ. "ಅವರು ಮಂಗ್ಳೂರಿಗೆ ಹೋಗಿದ್ದಾರೆ" ಎಂದರೆ ನಮ್ಮಲ್ಲಿ ಯಾರೂ "ಯಾಕೆ?" ಎಂದು ಕೇಳುವುದಿಲ್ಲ. "ಯಾವ ವಾರ್ಡು?" ಎಂದು ಕೇಳುತ್ತಾರೆ.

ನಾನು ಸುಳ್ಯದ ಒಂದು ಕಾಲೇಜಿನಲ್ಲಿ ಲೈಬ್ರರಿಯನ್. ಚರಿತ್ರೆಯಲ್ಲಿ ಎಂ.ಎ. ಮಾಡಿದವನು. ಆ ಎರಡು ವರ್ಷಗಳಲ್ಲಿ ಕಲಿತದ್ದರಲ್ಲಿ ಈಗ ಉಳಿದಿರುವುದು ಒಂದೇ: ಬರೆದಿಟ್ಟದ್ದನ್ನು ನಂಬುವ ಮೊದಲು, ಬರೆದವನು ಯಾರು, ಹಾಗೆ ಬರೆದರೆ ಅವನಿಗೇನು ಅನುಕೂಲ ಎಂದು ವಿಚಾರಿಸಬೇಕು. ನೆನಪಿನ ಮೇಲೆ ಭರವಸೆ ಇಲ್ಲದ್ದರಿಂದ ನಾನು ಅಂದಿನಿಂದಲೂ ದಿನಚರಿ ಬರೆಯುತ್ತಿದ್ದೇನೆ. ಬರೆಯುವವನು ನಾನೇ ಆದ್ದರಿಂದ ದಿನಚರಿಯ ಮೇಲೂ ಭರವಸೆ ಇಲ್ಲ. ಮದುವೆಯಾದ ಎರಡನೇ ವಾರ ನಾನೂ ವಿಮಲಾಳೂ ಕಡಲ ದಂಡೆಯಲ್ಲಿ ಕುಳಿತು, ಹುರಿದ ನೆಲಗಡಲೆ ತಿನ್ನುತ್ತ ಸೂರ್ಯ ಮುಳುಗುವುದನ್ನು ನೋಡಿದ್ದೆವು ಎಂದು ನಾನು ಇಪ್ಪತ್ತೈದು ವರ್ಷ ನಂಬಿಕೊಂಡಿದ್ದೆ. ಒಮ್ಮೆ ಹೇಳಿಯೂ ಬಿಟ್ಟೆ. "ನಾನಿರ್ಲಿಲ್ಲ" ಎಂದಳು ವಿಮಲಾ. ಹಳೆಯ ದಿನಚರಿ ತೆಗೆದು ನೋಡಿದರೆ ಆ ವಾರ ಪೂರ್ತಿ ನೆಂಟರ ಮನೆಯ ಔತಣಗಳು. ಒಂದು ಕಡೆ "ಪಾಯಸ ತಳ ಹಿಡಿದಿತ್ತು" ಎಂದಷ್ಟೇ ಇದೆ. ಹಾಗಾದರೆ ಆ ನೆಲಗಡಲೆಯನ್ನು ಯಾರ ಜೊತೆ ತಿಂದೆ? ವಿಮಲಾ ಇಂದಿನವರೆಗೂ ಆ ಪ್ರಶ್ನೆ ಕೇಳಿಲ್ಲ. ಅವಳು ಶಾಲೆಯ ಟೀಚರ್. ತಪ್ಪು ಮಾಡಿದವನನ್ನು ಸುಮ್ಮನೆ ನಿಲ್ಲಿಸಿಡುವುದು ಹೇಗೆಂದು ಅವಳಿಗೆ ಗೊತ್ತು.

ಕಳೆದ ಮಳೆಗಾಲದಲ್ಲಿ ಅವಳ ಎಡ ಎದೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಅದರ ನಂತರ ಮೂರು ವಾರಕ್ಕೊಮ್ಮೆಯಂತೆ ಔಷಧಿ, ಆಮೇಲೆ ತಿಂಗಳುಗಟ್ಟಲೆ ಇನ್ನೇನೇನೋ. ಹೋಗಿ ಬಂದು ಹೋಗಿ ಬಂದು, ದಾರಿಯ ಯಾವ ಹೊಂಡ ಯಾವ ಮಳೆಗೆ ಎಷ್ಟು ಆಳವಾಗುತ್ತದೆ ಎನ್ನುವುದು ನಮಗೆ ಬಾಯಿಪಾಠವಾಯಿತು. ಐದನೇ ಮಹಡಿಯ ವಾರ್ಡಿನ ಕಿಟಕಿಯಿಂದ ಎರಡು ಕಟ್ಟಡಗಳ ಮಧ್ಯೆ ಬೂದುಬಣ್ಣದ ಒಂದು ಪಟ್ಟಿ ಕಾಣುತ್ತಿತ್ತು. ಅದು ಸಮುದ್ರ ಎಂದಳು ವಿಮಲಾ. ಅದು ಯಾವುದೋ ಗೋದಾಮಿನ ತಗಡು ಹೊದಿಸಿದ ಮಾಡು ಎಂದೆ ನಾನು. ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿ, "ಇದೆಲ್ಲ ಮುಗಿದ ಮೇಲೆ ಒಮ್ಮೆ ಸಮುದ್ರಕ್ಕೆ ಹೋಗುವ. ಮೂರು ದಿನ. ಆಸ್ಪತ್ರೆ ನೋಡದೆ" ಎಂದಳು. ನಾನು ಒಪ್ಪಿದೆ. ಈ ಸಲಹೆಯನ್ನು ಮೊದಲು ಕೊಟ್ಟವನು ನಾನೇ, ಅದೂ ಅವಳ ಹಣೆ ನೇವರಿಸುತ್ತ ಕೊಟ್ಟೆ ಎಂದು ನನ್ನ ನೆನಪು. ದಿನಚರಿಯಲ್ಲಿ ಮಾತ್ರ "ವಿ. ಸಮುದ್ರ ಕೇಳಿದಳು. ಹೂಂ ಎಂದೆ" ಎಂದಿದೆ. ಹಣೆಯ ಸುದ್ದಿ ಇಲ್ಲ.

ಮೇ ತಿಂಗಳು ಬಂತು. ಅವಳ ಶಾಲೆಗೆ ರಜೆ. ಜೂನಿನಲ್ಲಿ ಮೊದಲ ದೊಡ್ಡ ತಪಾಸಣೆ. ಗಂಟು ಪೂರ್ತಿ ಹೋಯಿತೋ, ಬೇರೆ ಎಲ್ಲಾದರೂ ಮನೆ ಮಾಡಿತೋ ಎಂದು ಅವತ್ತು ಹೇಳುತ್ತಾರೆ. "ಅದಕ್ಕಿಂತ ಮೊದಲು ಹೋಗುವ. ಆಮೇಲೆ ಹೋದ್ರೆ ಅದು ಬೇರೆಯೇ ಸಮುದ್ರ" ಎಂದಳು ವಿಮಲಾ. ನಾನು ಯೋಜನೆಗೆ ಕುಳಿತೆ. ಮೇ ತಿಂಗಳಲ್ಲಿ ನಮ್ಮೂರಿನವರು ಮದುವೆ ಇಲ್ಲದ ಮೂರು ದಿನ ಒಟ್ಟಿಗೆ ಹುಡುಕುವುದು ಸುಲಭವಲ್ಲ. ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ ಮದುವೆ ಕಾಗದಗಳ ಭಾರಕ್ಕೆ ಕ್ಯಾಲೆಂಡರೇ ಎರಡು ಸಲ ಕೆಳಗೆ ಬಿದ್ದಿತ್ತು. ಕೊನೆಗೆ ಒಂದು ಶುಕ್ರವಾರ, ಶನಿವಾರ, ಭಾನುವಾರ ಸಿಕ್ಕಿದವು. ಅವುಗಳಲ್ಲೂ ಒಂದು ಗೃಹಪ್ರವೇಶ ಇತ್ತು. ಅದನ್ನು ಮರೆತಂತೆ ಮಾಡುವುದು ಎಂದು ಇಬ್ಬರೂ ಸೇರಿ ತೀರ್ಮಾನಿಸಿದೆವು. ಮರೆಯುವುದರಲ್ಲಿ ನನಗೆ ಊರಿನಲ್ಲಿ ಒಳ್ಳೆಯ ಹೆಸರಿದೆ.

ಜಾಗವನ್ನೂ ನಾನೇ ಹುಡುಕಿದೆ. ಉಡುಪಿಯಿಂದ ಆಚೆ, ಹೆದ್ದಾರಿ ಬಿಟ್ಟು ಒಳಗೆ ಹೋದರೆ ಒಂದು ಸಣ್ಣ ಊರು. ಹೆಸರು ಹೇಳುವುದಿಲ್ಲ, ಹೇಳಬಾರದ್ದನ್ನು ಹೇಳಿ ಆದದ್ದು ಸಾಕು. ದಂಡೆಯ ಮೇಲೆ ಗಿರಿಜಕ್ಕ ಎನ್ನುವವರ ಮನೆ. ಅದರ ಪಕ್ಕದಲ್ಲಿ ಬಾಡಿಗೆಗೆ ಕೊಡುವ ಎರಡು ಕೋಣೆ. ಫೋನು ಮಾಡಿ, ನೋಡಲಿಕ್ಕೆ ಅಲ್ಲಿ ಏನೇನಿದೆ ಎಂದು ಕೇಳಿದೆ.

"ಎಂತದ್ದೂ ಇಲ್ಲ ಮಾರಾಯ್ರೆ. ಸಮುದ್ರ ಉಂಟು."

"ಅದು ಬಿಟ್ಟು?"

"ಮರಳು ಉಂಟು. ನಿಮಗೆ ಎಂತ ಬೇಕಿತ್ತು?"

ಏನು ಬೇಕು ಎಂದು ನನಗೂ ಗೊತ್ತಿರಲಿಲ್ಲ. ಆದ್ದರಿಂದ ಒಂದು ಹಾಳೆಯಲ್ಲಿ ಗೆರೆ ಎಳೆದು ವೇಳಾಪಟ್ಟಿ ಮಾಡಿದೆ. ಆರರಿಂದ ಏಳು ದಂಡೆಯಲ್ಲಿ ನಡಿಗೆ, ಏಳರಿಂದ ಎಂಟು ಸಮುದ್ರ ನೋಡುವುದು, ಎಂಟಕ್ಕೆ ತಿಂಡಿ, ಒಂಬತ್ತರಿಂದ ಹನ್ನೊಂದು ವಿಶ್ರಾಂತಿ, ಮತ್ತೆ ಅರ್ಧ ಗಂಟೆ ಸಮುದ್ರ. ವಿಮಲಾ ಅದನ್ನು ಎರಡು ಸಲ ಓದಿದಳು. "ನನ್ನ ಮಾತ್ರೆ ಚೀಟಿಯ ಹಾಗೆಯೇ ಉಂಟು. ಸಮುದ್ರವನ್ನು ಊಟಕ್ಕೆ ಮೊದಲು ತೆಗೊಳ್ಳುದಾ, ಊಟ ಆದ ಮೇಲಾ?" ಎಂದು ಕೇಳಿ, ಹಾಳೆ ಮಡಚಿ ಅಲುಗಾಡುತ್ತಿದ್ದ ಮೇಜಿನ ಕಾಲಿನಡಿ ಇಟ್ಟಳು. ಆಸ್ಪತ್ರೆಯ ಫೈಲನ್ನು ನಾನು ಬಟ್ಟೆಯ ಚೀಲದ ಅಡಿಯಲ್ಲಿ ಇಟ್ಟಿದ್ದೆ. ಅದನ್ನೂ ಹೊರಗೆ ತೆಗೆದಳು. ಅವಳು ಒಳಗೆ ಹೋದಾಗ ನಾನು ಅದನ್ನು ಕಾರಿನ ಸೀಟಿನಡಿ ತಳ್ಳಿದೆ. ಅವಳದ್ದು ಒಂದೇ ಷರತ್ತು: "ಯಾರಿಗೂ ಹೇಳ್ಬೇಡಿ. ಗೊತ್ತಾದ್ರೆ ಕಾರು ನಮ್ಮದಲ್ಲ."

ಪರಊರಿನವರಿಗೆ ಈ ಮಾತು ವಿಚಿತ್ರವಾಗಿ ಕೇಳಬಹುದು. ನಮ್ಮ ಮೂರು ತಾಲೂಕುಗಳಲ್ಲಿ, ಅದು ಪುತ್ತೂರಿರಲಿ, ಸುಳ್ಯವಿರಲಿ, ಕಡಬವಿರಲಿ, ಮಂಗಳೂರಿನ ಕಡೆಗೆ ಹೊರಟ ಕಾರಿನಲ್ಲಿ ಖಾಲಿ ಉಳಿದ ಸೀಟು ಕಾರಿನವನ ಸೊತ್ತಲ್ಲ, ಊರಿನದ್ದು. "ಹೇಗೂ ಹೋಗುದಲ್ಲ" ಎಂದು ಒಬ್ಬರು ಬಾಗಿಲಲ್ಲಿ ನಿಂತರೆ ಮುಗಿಯಿತು. ರಕ್ತಪರೀಕ್ಷೆಯ ರಿಪೋರ್ಟು ತರುವುದು, ಹಾಸ್ಟೆಲಿನ ಹುಡುಗಿಗೆ ಉಪ್ಪಿನಕಾಯಿ ಮುಟ್ಟಿಸುವುದು, ಡಯಾಲಿಸಿಸ್‌ನವರನ್ನು ಇಳಿಸಿ ಸಂಜೆ ಹತ್ತಿಸಿಕೊಂಡು ಬರುವುದು. ಇಲ್ಲ ಎನ್ನುವ ಕ್ರಮವೇ ಇಲ್ಲ. ನಾನು ಇದನ್ನು ದೂರುವ ಹಾಗೂ ಇಲ್ಲ. ವಿಮಲಾಳ ಆಪರೇಷನ್ ಹೊತ್ತಿಗೆ ನಮಗೆ ಕಾರಿರಲಿಲ್ಲ; ಮೊದಲ ನಾಲ್ಕು ತಿಂಗಳು ಅವಳು ಮಂಗಳೂರಿಗೆ ಹೋದದ್ದೆಲ್ಲ ಬೇರೆಯವರ ಖಾಲಿ ಸೀಟಿನಲ್ಲಿ. ಈ ಹಳೆಯ ಸಣ್ಣ ಕಾರನ್ನು ನಾವು ಕೊಂಡದ್ದು ಅದರ ನಂತರ.

ಸುದ್ದಿ ಹೊರಬಿದ್ದದ್ದು ಗುರುವಾರ. ವಿಮಲಾ ತನ್ನ ತಂಗಿಯೊಬ್ಬಳಿಗೆ ಮಾತ್ರ ಹೇಳಿದ್ದಳು; ಅವಳೇ ಯಾರಿಗೋ ಹೇಳಿರಬೇಕು ಎಂದು ನಾನು ಆ ಸಂಜೆಯೆಲ್ಲ ಪ್ರಾಮಾಣಿಕವಾಗಿ ನಂಬಿದ್ದೆ. ಆದರೆ ಗುರುವಾರದ ದಿನಚರಿಯಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: "ಟಯರಿಗೆ ಗಾಳಿ ಹಾಕಿಸಿದೆ. ಸ್ವಲ್ಪ ಮಾತಾಡಿದೆ." ಆ 'ಸ್ವಲ್ಪ' ಏನೆಂದು ಈಗ ಬರೆಯುತ್ತೇನೆ. ಉಮ್ಮರಾಕನ ಪಂಕ್ಚರ್ ಅಂಗಡಿಯ ಬೆಂಚಿನಲ್ಲಿ ನಾಲ್ಕು ಜನ ಕುಳಿತಿದ್ದರು. ಉಮ್ಮರಾಕ ನಮ್ಮೂರಿನಲ್ಲಿ ಎಲ್ಲರ ಟಯರೂ ಎಲ್ಲರ ಕಷ್ಟವೂ ಬಲ್ಲವರು. ಗಾಳಿಯ ಪೈಪು ಹಿಡಿದುಕೊಂಡು, ಸ್ವರ ತಗ್ಗಿಸಿ, "ಸಾರ್, ಪುನಃ ಮಂಗ್ಳೂರಾ?" ಎಂದರು. ಬೆಂಚಿನಲ್ಲಿದ್ದವರು ನಾಲ್ವರೂ ಒಟ್ಟಿಗೆ ಮುಖ ಬಾಡಿಸಿಕೊಂಡರು. ಆ ಬಾಡಿದ ಮುಖಗಳನ್ನು ನಾನು ಹತ್ತು ತಿಂಗಳಿನಿಂದ ನೋಡುತ್ತಿದ್ದೆ. ಹಾಲಿನ ಸೊಸೈಟಿಯಲ್ಲಿ, ಬಸ್ಸಿನಲ್ಲಿ, ನನ್ನದೇ ಲೈಬ್ರರಿಯಲ್ಲಿ. ನನ್ನೊಳಗೆ ಏನೋ ಎದ್ದು ನಿಂತಿತು.

"ಆಸ್ಪತ್ರೆಗೆ ಅಲ್ಲ! ಸಮುದ್ರಕ್ಕೆ! ನಾಳೆ ಬೆಳಿಗ್ಗೆ! ಸುಮ್ಮನೆ ತಿರುಗ್ಲಿಕ್ಕೆ!" ಎಂದೆ.

ಬಹಳ ದೊಡ್ಡ ಸ್ವರದಲ್ಲಿ ಹೇಳಿದೆನಂತೆ. ರಸ್ತೆಯ ಆಚೆ ಬದಿಯ ತರಕಾರಿ ಅಂಗಡಿಯವರು ತಿರುಗಿ ನೋಡಿದರಂತೆ. ಇದು ಉಮ್ಮರಾಕ ಆಮೇಲೆ ಹೇಳಿದ್ದು, ನನಗೆ ನೆನಪಿಲ್ಲ.

ಸಂಜೆ ಐದಕ್ಕೆ ಪಕ್ಕದ ಮನೆಯ ಕುಸುಮಕ್ಕ ಎರಡು ಹಲಸಿನಹಣ್ಣು ಹೊರಿಸಿಕೊಂಡು ಬಂದರು. ಪುತ್ತೂರಿನಲ್ಲಿರುವ ಅವರ ತಂಗಿಗಂತೆ. "ಹೇಗೂ ಆ ದಾರಿಯಲ್ಲೇ ಹೋಗುದಲ್ಲ ನೀವು. ಒಂದು ಬಕ್ಕೆ, ಒಂದು ತುಳುವ. ಬದಲಾಗ್ಬಾರ್ದು ಆಯ್ತಾ, ಅವಳ ಗಂಡನಿಗೆ ತುಳುವ ಆಗುದಿಲ್ಲ" ಎಂದು ಎಚ್ಚರಿಸಿದರು. ಗಟ್ಟಿ ತೊಳೆಯ ಬಕ್ಕೆಯೂ ಮೆತ್ತನೆಯ ತುಳುವವೂ ಮೇಲಿನಿಂದ ನೋಡುವಾಗ ನನಗೆ ಒಂದೇ. ವಿಮಲಾ ಜಗಲಿಗೆ ಬಂದು ಹಣ್ಣುಗಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಹಲಸಿನಹಣ್ಣು ಸಮುದ್ರ ನೋಡ್ಬಾರ್ದಾ? ನೋಡ್ಲಿ ಪಾಪ" ಎಂದು ಒಳಗೆ ಹೋದಳು. ಅಲ್ಲಿಗೇ ಮುಗಿದಿದ್ದರೆ ನಾನು ಈ ಪ್ರಬಂಧ ಬರೆಯಬೇಕಾಗಿರಲಿಲ್ಲ.

ಆರು ಗಂಟೆಗೆ ಪದ್ಮಯ್ಯಣ್ಣ ಬಂದರು. ಎಪ್ಪತ್ತರ ಮೇಲಿನವರು, ನಮ್ಮಿಂದ ಮೂರನೆಯ ಮನೆ. ಅವರು ಜಗಲಿ ಹತ್ತಲಿಲ್ಲ. ಅಂಗಳದಲ್ಲಿ ನಿಂತು, ಒಂದು ಕವರನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದರು. ಅದು ಎಂಥ ಕವರು ಎಂದು ನನಗೆ ದೂರದಿಂದಲೇ ತಿಳಿಯಿತು. ಸ್ಕ್ಯಾನಿಂಗ್ ಫಿಲ್ಮಿನ ಕವರನ್ನು ಮಡಚಬಾರದು ಎಂದು ಎಲ್ಲರೂ ಹಾಗೆಯೇ ಹಿಡಿಯುತ್ತಾರೆ.

"ನಿಮಗೆ ತೊಂದರೆ ಕೊಡುದಲ್ಲ" ಎಂದರು. "ಹೊಟ್ಟೆಯದ್ದು ಎಂತದೋ ಉಂಟಂತೆ. ನಾಳೆಯೇ ತೋರಿಸ್ಬೇಕಂತೆ, ಅಲ್ಲಿಯೇ. ಬಸ್ಸಲ್ಲಿ ಕೂತ್ಕೊಳ್ಳಿಕ್ಕೆ ಆಗುದಿಲ್ಲ ಈಗ. ಗೇಟಿನ ಹತ್ತಿರ ಬಿಟ್ರೆ ಸಾಕು. ಮತ್ತೆ ನೀವು ಸಮುದ್ರಕ್ಕೆ ಹೋಗಿ."

ಅಲ್ಲಿಯೇ ಎಂದರೆ ಅದೇ ಆಸ್ಪತ್ರೆ. ವಿಮಲಾಳ ಆಪರೇಷನ್ ದಿನ, ಧಾರಾಕಾರ ಮಳೆಯಲ್ಲಿ, ನಮ್ಮನ್ನು ಅಲ್ಲಿಗೆ ಮುಟ್ಟಿಸಿದ್ದು ಇದೇ ಪದ್ಮಯ್ಯಣ್ಣ, ಅವರ ಜೀಪಿನಲ್ಲಿ. ಗೇಟಿನಲ್ಲಿ ಬಿಟ್ಟು ಹೋಗಲಿಲ್ಲ. ಆಪರೇಷನ್ ಮುಗಿಯುವವರೆಗೆ ಐದು ಗಂಟೆ ನನ್ನ ಪಕ್ಕದಲ್ಲಿ ಕುಳಿತಿದ್ದರು. ಹೆಚ್ಚು ಮಾತಾಡಲಿಲ್ಲ. ಪ್ರತಿ ಅರ್ಧ ಗಂಟೆಗೊಮ್ಮೆ "ಈಗ ಆಗ್ತದೆ" ಎನ್ನುತ್ತಿದ್ದರು. ಇದು ನೆನಪಿನಲ್ಲೂ ದಿನಚರಿಯಲ್ಲೂ ಒಂದೇ ರೀತಿ ಇರುವ, ನನ್ನ ಜೀವನದ ಕೆಲವೇ ಸಂಗತಿಗಳಲ್ಲಿ ಒಂದು. ಕಣ್ಣು ಮಂಜಾದ ಮೇಲೆ ಅವರು ಜೀಪು ಮಾರಿದ್ದರು.

ಒಳಗಿನಿಂದ ವಿಮಲಾಳೇ ಹೇಳಿದಳು: "ಆರಕ್ಕೆ ಹೊರಡುದು ಪದ್ಮಯ್ಯಣ್ಣ. ನೀವು ಎದುರು ಸೀಟಲ್ಲಿ ಕೂತ್ಕೊಳ್ಳಿ, ಕಾಲು ಚಾಚ್ಲಿಕ್ಕೆ ಆಗ್ತದೆ." ಅವರು ಹೋದ ಮೇಲೆ ನಾನು ಅವಳ ಹತ್ತಿರ ಕ್ಷಮೆ ಕೇಳುವ ಧಾಟಿಯಲ್ಲಿ, "ಗೇಟಿನಲ್ಲಿ ಬಿಡುವುದಷ್ಟೇ" ಎಂದೆ. "ಅವರು ನಮ್ಮನ್ನು ಗೇಟಿನಲ್ಲಿ ಬಿಟ್ಟಿದ್ರಾ?" ಎಂದಳು ವಿಮಲಾ. ಆಮೇಲೆ ಚೀಲದಿಂದ ತನ್ನ ಬಟ್ಟೆಗಳನ್ನು ಮಾತ್ರ ತೆಗೆದು ಬೇರೊಂದು ಸಣ್ಣ ಚೀಲಕ್ಕೆ ಹಾಕತೊಡಗಿದಳು. ಹಲಸಿನಹಣ್ಣಿಗೆ ಜಾಗ ಮಾಡುತ್ತಿದ್ದಾಳೆ ಎಂದುಕೊಂಡೆ.

ಬೆಳಿಗ್ಗೆ ಹೊರಟೆವು. ಕಾರಿನ ತುಂಬ ಹಣ್ಣಿನ ವಾಸನೆ. ಎದುರು ಸೀಟಿನಲ್ಲಿ ಕವರು ಹಿಡಿದ ಪದ್ಮಯ್ಯಣ್ಣ, ಹಿಂದೆ ಎರಡು ಹಲಸಿನಹಣ್ಣುಗಳ ಮಧ್ಯೆ ವಿಮಲಾ. ಪದ್ಮಯ್ಯಣ್ಣನಿಗೆ ಹೆದರಿಕೆಯಾದರೆ ಮಾತು ಹೆಚ್ಚು. ದಾರಿಯ ಪ್ರತಿಯೊಂದು ತಿರುವಿಗೂ ಅವರ ಹತ್ತಿರ ಒಬ್ಬ ರೋಗಿಯಿದ್ದ. "ಇಲ್ಲಿಯೇ, ಈ ಮೋರಿಯ ಹತ್ತಿರ, ಅಜ್ಜಾವರದ ಸುಬ್ಬಪ್ಪನಿಗೆ ಉಸಿರು ನಿಂತದ್ದು. ಆಂಬುಲೆನ್ಸ್ ತಿರುಗಿಸಿ ಮನೆಗೇ ತಂದದ್ದು." ಸುಳ್ಯ ದಾಟಿದ ಮೇಲೆ, "ಕೊಲ್ಲಮೊಗ್ರಿನ ಒಬ್ಬರಿದ್ರು. ಜನ ಗಟ್ಟಿ. ನಡ್ಕೊಂಡೇ ಒಳಗೆ ಹೋದದ್ದು." ಅವರು ಹೊರಗೆ ಹೇಗೆ ಬಂದರು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಕನ್ನಡಿಯಲ್ಲಿ ವಿಮಲಾಳ ಮುಖ ನೋಡಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. "ಪದ್ಮಯ್ಯಣ್ಣ, ಬದುಕಿ ಬಂದವರು ಯಾರೂ ಇಲ್ವಾ ನಿಮ್ಮ ಹತ್ತಿರ?" ಎಂದು ಹಿಂದಿನಿಂದ ಕೇಳಿದಳು. ಪದ್ಮಯ್ಯಣ್ಣ ಸ್ವಲ್ಪ ಯೋಚಿಸಿ, "ನೀನು ಉಂಟಲ್ಲ ಮಗಾ" ಎಂದರು. ಪುತ್ತೂರು ಬಂತು. ಅಲ್ಲಿ ಹಲಸಿನಹಣ್ಣು ಇಳಿಸಿದೆವು. ಕುಸುಮಕ್ಕನ ತಂಗಿ ಎರಡನ್ನೂ ಬೆರಳಿನಿಂದ ತಟ್ಟಿ, "ಎರಡೂ ತುಳುವವೇ" ಎಂದರು.

ಆಸ್ಪತ್ರೆಯ ಅಂಗಳದಲ್ಲಿ ಕಾರು ನಿಲ್ಲಿಸಿದೆ. ವಿಮಲಾ ಇಳಿಯಲಿಲ್ಲ. "ನಾನು ಇಲ್ಲೇ ಇರ್ತೇನೆ, ನೀವು ಹೋಗಿ" ಎಂದು, ಕಟ್ಟಡಕ್ಕೆ ಬೆನ್ನು ಹಾಕಿ, ಆಚೆಯ ಕಾಂಪೌಂಡು ಗೋಡೆಯನ್ನು ನೋಡುತ್ತ ಕುಳಿತಳು. ನಾನು ಪದ್ಮಯ್ಯಣ್ಣನ ಕೈ ಹಿಡಿದು ಒಳಗೆ ನಡೆದೆ. ಇಲ್ಲಿ ನನ್ನ ಬಗ್ಗೆ ಒಂದು ವಿಷಯ ಹೇಳಬೇಕು, ಹೇಳಲಿಕ್ಕೆ ನಾಚಿಕೆಯಾಗುತ್ತದೆ. ಆ ಬಾಗಿಲು ದಾಟಿದ ಕೂಡಲೇ ನಾನು ಬೇರೆ ಮನುಷ್ಯನಾದೆ. ಯಾವ ಲಿಫ್ಟು ಎರಡನೇ ಮಹಡಿಯಲ್ಲಿ ಸಿಕ್ಕಿಬೀಳುತ್ತದೆ, ಯಾವ ಕೌಂಟರಿನವರು ಚಹಾಕ್ಕೆ ಎಷ್ಟು ಗಂಟೆಗೆ ಏಳುತ್ತಾರೆ, ಯಾವ ಕುರ್ಚಿಯ ಮೇಲೆ ಫ್ಯಾನಿನ ಗಾಳಿ ಬೀಳುತ್ತದೆ, ಎಲ್ಲವೂ ನನಗೆ ಗೊತ್ತು. ಕ್ಯಾಂಟೀನಿನವರು "ಏನ್ ಸಾರ್, ಬಹಳ ದಿನ ಆಯ್ತಲ್ಲ" ಎಂದರು. ಹೊಸಬರೊಬ್ಬರು ರಕ್ತ ಕೊಡುವ ಜಾಗ ಹುಡುಕುತ್ತಿದ್ದರು. ಅವರಿಗೂ ದಾರಿ ತೋರಿಸಿದೆ. ಗಿರಿಜಕ್ಕನ ಜೊತೆ ಫೋನಿನಲ್ಲಿ ಮಾತಾಡುವಾಗ ತಡವರಿಸಿದ ನಾಲಗೆ ಇಲ್ಲಿ ನೀರು ಹರಿದ ಹಾಗೆ ಓಡುತ್ತಿತ್ತು. ಡಾಕ್ಟರು ನೋಡಿದರು, ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಇನ್ನೊಂದು ಪರೀಕ್ಷೆ ಆಗಬೇಕು, ಇವತ್ತು ಇಲ್ಲೇ ಉಳಿಯಲಿ ಎಂದರು. ಪದ್ಮಯ್ಯಣ್ಣನ ಮಗಳು ಹೇಮಾಗೆ ಕಡಬಕ್ಕೆ ಫೋನು ಮಾಡಿದೆ. ಅವಳ ಅತ್ತೆ ಮನೆಯಲ್ಲಿ ಆ ದಿನವೇ ಏನೋ ಕಾರ್ಯಕ್ರಮ. ನಾಳೆ ಹತ್ತರೊಳಗೆ ಬರುತ್ತೇನೆ ಎಂದಳು. "ಪರ್ವಾಗಿಲ್ಲ, ನಾನಿದ್ದೇನೆ" ಎಂದೆ. ಯಾರೂ ನನ್ನನ್ನು ಇರಿ ಎಂದು ಕೇಳಿರಲಿಲ್ಲ.

ಕೆಳಗೆ ಬಂದರೆ ಕಾರಿನಲ್ಲಿ ವಿಮಲಾ ಇರಲಿಲ್ಲ. ಸಣ್ಣ ಚೀಲವೂ ಇರಲಿಲ್ಲ. ತಲೆ ತಿರುಗಿ ಬಿದ್ದಿರಬೇಕು, ಯಾರೋ ಒಳಗೆ ಹೊತ್ತುಕೊಂಡು ಹೋಗಿರಬೇಕು ಎಂದು ಅಪಘಾತ ವಿಭಾಗದ ಕಡೆಗೆ ಓಡಿದೆ. ಓಡುವಾಗಲೇ ಫೋನು ಬಂತು.

"ನಾನು ಉಡುಪಿ ಬಸ್ಸಲ್ಲಿದ್ದೇನೆ" ಎಂದಳು. ಹಿಂದೆ ಕಂಡಕ್ಟರನ ಸೀಟಿ ಕೇಳುತ್ತಿತ್ತು. "ಕಿಟಕಿ ಬದಿ ಸೀಟು ಸಿಕ್ಕಿತು. ನೀವು ಪದ್ಮಯ್ಯಣ್ಣನನ್ನು ನೋಡ್ಕೊಳ್ಳಿ."

"ಒಬ್ಬಳೇ ಹೋಗುವುದಾ? ದಾರಿಯಲ್ಲಿ ಏನಾದರೂ ಆದರೆ? ಫೈಲು ಕಾರಿನಲ್ಲಿಯೇ ಉಂಟು!"

"ಫೈಲು ಕಾರಲ್ಲುಂಟು ಅಂತ ನನಗೆ ಗೊತ್ತುಂಟು. ಕಾಲಿಗೆ ತಾಗ್ತಿತ್ತು" ಎಂದು ಫೋನಿಟ್ಟಳು.

ಆ ದಿನ ಪೂರ್ತಿ ಫ್ಯಾನಿನಡಿಯ ಆ ಕುರ್ಚಿಯಲ್ಲಿ ಕುಳಿತು ನಾನು ಒಂದು ಪ್ರಶ್ನೆ ಕೇಳಿಕೊಂಡೆ. ಟಯರಿನ ಅಂಗಡಿಯಲ್ಲಿ ಆ ಮಾತು ನನ್ನ ಬಾಯಿಂದ ಜಾರಿತೋ, ನಾನೇ ಎಸೆದೆನೋ? ಊರಿಗೆ ಗೊತ್ತಾದರೆ ಏನಾಗುತ್ತದೆ ಎಂದು ಗೊತ್ತಿಲ್ಲದವನು ನಾನಲ್ಲ. ಮೂರು ದಿನ ಸಮುದ್ರದ ಎದುರು ನಾವಿಬ್ಬರೇ. ತೆಗೆದುಕೊಳ್ಳಲಿಕ್ಕೆ ಟೋಕನ್ ಇಲ್ಲ, ತರಲಿಕ್ಕೆ ಔಷಧಿ ಇಲ್ಲ, ಓಡಲಿಕ್ಕೆ ಕೌಂಟರಿಲ್ಲ. ಅವಳು ಯಾವುದಾದರೊಂದು ಹೊತ್ತಿನಲ್ಲಿ ಜೂನಿನ ಮಾತೆತ್ತಿದರೆ ನಾನು ಎಲ್ಲಿಗೆ ಎದ್ದು ಹೋಗುವುದು? ಮಧ್ಯಾಹ್ನ ಮಲಗಿದ್ದಲ್ಲಿಂದ ಪದ್ಮಯ್ಯಣ್ಣ, "ನನ್ನಿಂದಾಗಿ ನಿಮ್ಮ ತಿರುಗಾಟ ಹಾಳಾಯ್ತು ಮಾರಾಯ" ಎಂದು ಕಣ್ಣೊರಸಿಕೊಂಡರು. ನಿಮ್ಮಿಂದಾಗಿ ನನಗೆ ರಕ್ಷಣೆ ಸಿಕ್ಕಿತು ಎಂದು ಹೇಳಲಾಗದೆ, "ಈಗ ಆಗ್ತದೆ" ಎಂದೆ. ಏನು ಆಗುತ್ತದೆ ಎಂದು ಅವರೂ ಕೇಳಲಿಲ್ಲ. ಆ ದಿನದ ದಿನಚರಿಯಲ್ಲಿ ಈ ವಿಚಾರ ಯಾವುದೂ ಇಲ್ಲ. "ಪ.ಅಣ್ಣನ ಬಿ.ಪಿ. ಪರವಾಗಿಲ್ಲ" ಎಂದಿದೆ.

ಮರುದಿನ ಪರೀಕ್ಷೆಯಾಯಿತು. ಪಿತ್ತಕೋಶದಲ್ಲಿ ಕಲ್ಲು, ಹೆದರುವಂಥದ್ದೇನೂ ಅಲ್ಲ ಎಂದರು. ಹೇಮಾ ಬಂದಳು. ನಾನು ಅವಳಿಗೆ ಲಿಫ್ಟು, ಕೌಂಟರು, ಕ್ಯಾಂಟೀನು ಎಲ್ಲವನ್ನೂ ವಿವರಿಸಿ, ಬಿಟ್ಟು ಹೋಗಲಿಕ್ಕೆ ಮನಸ್ಸಿಲ್ಲದೆ ಇನ್ನೂ ಸ್ವಲ್ಪ ವಿವರಿಸಿದೆ. "ಅಣ್ಣಾ, ಅತ್ತಿಗೆ ಕಾಯ್ತಾ ಇರ್ತಾರೆ, ನೀವು ಹೋಗಿ" ಎಂದು ಅವಳೇ ಕಳಿಸಿಕೊಟ್ಟಳು. ಮೂರು ಗಂಟೆಯ ಸುಮಾರಿಗೆ ಆ ಸಣ್ಣ ಊರು ಮುಟ್ಟಿದೆ. ಗಿರಿಜಕ್ಕ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದರು. ನನ್ನನ್ನು ಮೇಲೆ ಕೆಳಗೆ ನೋಡಿ, "ಓ, ನೀವು ಬಂದ್ರಾ? ನೀವು ಬರುದು ಡೌಟ್ ಅಂತ ಹೇಳಿದ್ರು ಅಕ್ಕ. ಮೀನು ಒಬ್ಬರಿಗೇ ತಂದದ್ದು ನಾನು" ಎಂದರು.

ದಂಡೆಯಲ್ಲಿ ಒಂದು ಹಳೆಯ ದೋಣಿಯನ್ನು ಮಗುಚಿ ಹಾಕಿದ್ದರು. ಅದರ ನೆರಳಿನಲ್ಲಿ ವಿಮಲಾ ಕಾಲು ಚಾಚಿ ಕುಳಿತಿದ್ದಳು. ಔಷಧಿಗೆ ಉದುರಿ ಈಗ ಮತ್ತೆ ಗಿಡ್ಡಗೆ ಬೆಳೆದ ಕೂದಲನ್ನು ಊರಿನಲ್ಲಿ ಅವಳು ಸೆರಗಿನಿಂದ ಮುಚ್ಚುತ್ತಿದ್ದಳು. ಇಲ್ಲಿ ಗಾಳಿಗೆ ಬಿಟ್ಟಿದ್ದಳು. ನಾನು ಹೋಗಿ ಎದುರಿಗೆ ಕುಳಿತೆ.

"ಪದ್ಮಯ್ಯಣ್ಣ?" ಎಂದಳು.

"ಕಲ್ಲಂತೆ. ಹೆದರ್ಲಿಕ್ಕೆ ಎಂತ ಇಲ್ಲ. ಮೊದಲು ಎರಡನೇ ಮಹಡಿಯಲ್ಲಿ..."

"ಒಳ್ಳೆದಾಯ್ತು. ಉಳಿದದ್ದು ಮನೆಗೆ ಹೋದ ಮೇಲೆ ಹೇಳಿ."

ಸ್ವಲ್ಪ ಹೊತ್ತು ಅವಳ ಮುಖ ನೋಡಿದೆ. "ಸ್ವಲ್ಪ ಬಾಡಿದ ಹಾಗೆ ಕಾಣ್ತದೆ. ಬೆಳಗ್ಗಿನ ಮಾತ್ರೆ ತೆಗೊಂಡಿಯಾ?" ಎಂದೆ.

ಅವಳಿಗೆ ಸಿಟ್ಟು ಬರಲಿಲ್ಲ. ಅದೇ ಕಷ್ಟ. "ಆಸ್ಪತ್ರೆ ನೋಡದೆ ಅಂತ ನಾನು ಹೇಳಿದ್ದು ಕಟ್ಟಡಕ್ಕೆ ಮಾತ್ರ ಅಲ್ಲ ಮಾರಾಯ್ರೆ" ಎಂದಳು. "ನಿನ್ನೆಯಿಂದ ನನ್ನ ಮುಖ ನೋಡಿ ಒಬ್ಬರೂ ಎಂತದ್ದೂ ಕೇಳ್ಲಿಲ್ಲ. ಗಿರಿಜಕ್ಕ ಕೂಡ ಮೀನು ಖಾರ ಆಯ್ತಾ ಅಂತ ಮಾತ್ರ ಕೇಳಿದ್ದು. ಆಚೆ ತಿರುಗಿ ಕೂತ್ಕೊಳ್ಳಿ. ನನ್ನನ್ನು ನೋಡಿದ್ದು ಸಾಕು."

ತಿರುಗಿ ಕುಳಿತೆ. ಸಮುದ್ರ ಇತ್ತು. ಗಿರಿಜಕ್ಕ ಹೇಳಿದ್ದು ಸರಿ, ಅದು ಬಿಟ್ಟು ಬೇರೇನೂ ಇರಲಿಲ್ಲ. ನನ್ನ ಅಂದಾಜಿನಲ್ಲಿ ಅರ್ಧ ಗಂಟೆ ನೋಡಿದೆ. ನಾಲ್ಕು ನಿಮಿಷ ಎನ್ನುತ್ತಾಳೆ ವಿಮಲಾ. ಅವಳದ್ದೇ ಸರಿಯಿರಬೇಕು. ಈ ಬರಹ ಬರೆಯುವ ಹೊತ್ತಿಗೆ ಜೂನಿನ ತಪಾಸಣೆಗೆ ಇನ್ನು ಒಂಬತ್ತು ದಿನ ಇದೆ. ಉಳಿದ ಒಂದೂವರೆ ದಿನವೂ ಆ ಮಾತನ್ನು ಅವಳು ಎತ್ತಲಿಲ್ಲ; ನಾನು ಅಷ್ಟು ಹೆದರಿ ಅಷ್ಟೆಲ್ಲ ಮಾಡಿದ್ದು ದಂಡವಾಯಿತು.

ಬಿಸಿಲು ತಗ್ಗಿದ ಮೇಲೆ ಅವಳು ಎದ್ದು ನಿಂತಳು. ಕನ್ನಡಕ ತೆಗೆದಳು, ಬಳೆ ತೆಗೆದಳು, ಕರಿಮಣಿ ತೆಗೆದಳು. ಒಂದೊಂದಾಗಿ ನನ್ನ ಅಂಗೈಯಲ್ಲಿ ಇಟ್ಟಳು. ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ಪ್ರತಿ ಸಲವೂ ಇದೇ ಕ್ರಮದಲ್ಲಿ ಕೊಡುತ್ತಿದ್ದಳು. ನನ್ನ ಕೈ ತಾನಾಗಿಯೇ ಮುಚ್ಚಿಕೊಂಡಿತು. "ಎಷ್ಟು ಹೊತ್ತಾಗ್ತದೆ?" ಎಂದು ಕೇಳಿದೆ. ಅವಳು ಸೀರೆ ಮೊಣಕಾಲಿಗೆ ಎತ್ತಿಕೊಂಡು ನೀರಿಗೆ ಇಳಿದಳು. ಒಂದು ತೆರೆ ಬಂದು ಸೊಂಟದವರೆಗೆ ಒದ್ದೆ ಮಾಡಿತು. ಅವಳು ಗಟ್ಟಿಯಾಗಿ ನಕ್ಕದ್ದು ಕೇಳಿತು, ಕೇಳಿತು ಎಂದೇ ನನ್ನ ನೆನಪು. ಇನ್ನೂ ಮುಂದೆ ಹೋದಳು, ಹಿಂದೆ ನೋಡಲಿಲ್ಲ. ನಾನು ಮರಳಿನ ಮೇಲೆ ಅವಳ ಚಪ್ಪಲಿಯ ಪಕ್ಕದಲ್ಲಿ ಕಾವಲು ನಿಂತೆ. ಸ್ವಲ್ಪ ಹೊತ್ತಾದ ಮೇಲೆ, ಕುಳಿತುಕೊಳ್ಳಲಿಕ್ಕೆ ಎಲ್ಲಾದರೂ ಕುರ್ಚಿ ಇದೆಯೇ ಎಂದು ಸಮುದ್ರಕ್ಕೆ ಬೆನ್ನು ಹಾಕಿ ಹುಡುಕತೊಡಗಿದೆ.